ಕ್ಯಾಮರಾ ಯಾರ ಕೈಯಲ್ಲಿದೆ?

2020ರ ಜನವರಿಯಲ್ಲಿ ಬೆಂಗಳೂರಿನ ಹೊರವಲಯದ ಕರಿಯಮ್ಮನ ಅಗ್ರಹಾರದ ಗುಡಿಸಲುಗಳ ಒಂದು ವಿಡಿಯೋ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿತು. ಅಕ್ರಮವಾಗಿ ನುಸುಳಿ ಬಂದ ಬಾಂಗ್ಲಾದೇಶೀಯರು ಇಲ್ಲಿ ಬೀಡುಬಿಟ್ಟಿದ್ದಾರೆ ಎಂಬುದು ಅದರ ಜೊತೆಗಿದ್ದ ಮಾತು. ಟಿ.ವಿ. ವಾಹಿನಿಯೂ ಅದನ್ನು ಎತ್ತಿಕೊಂಡಿತು. ಕೆಲವೇ ದಿನಗಳಲ್ಲಿ ಜೆಸಿಬಿ ಯಂತ್ರಗಳು ಬಂದು ನೂರಾರು ಬಡವರ ಸೂರುಗಳನ್ನು ನೆಲಸಮ ಮಾಡಿದವು. ಆ ಬಳಿಕವಷ್ಟೇ ಅಲ್ಲಿದ್ದವರು ಯಾರು ಎಂಬ ವಿಚಾರಣೆ ನಡೆಯಿತು. ಅಸ್ಸಾಮ್, ತ್ರಿಪುರ, ಪಶ್ಚಿಮ ಬಂಗಾಳದಿಂದ ಬಂದವರ ಜೊತೆಗೆ ನಮ್ಮದೇ ಉತ್ತರ ಕರ್ನಾಟಕದಿಂದ ಕೂಲಿ ಅರಸಿ ಬಂದವರೂ ಅಲ್ಲಿದ್ದರು. ಅನೇಕರ ಬಳಿ ಆಧಾರ್ ಇತ್ತು, ಮತದಾರರ ಗುರುತಿನ ಚೀಟಿ ಇತ್ತು. ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು. ನ್ಯಾಯಾಲಯವು ತೆರವಿನ ಕ್ರಮವನ್ನು ಪ್ರಶ್ನಿಸಿ, ನೆಲೆ ಕಳೆದುಕೊಂಡವರ ಪುನರ್ವಸತಿಯ ಬಗ್ಗೆ ಸರಕಾರ ಉತ್ತರಿಸಬೇಕೆಂದಿತು. ಆದರೆ ನ್ಯಾಯಾಲಯದ ಮಾತು ತಲುಪುವ ಹೊತ್ತಿಗೆ ಗುಡಿಸಲುಗಳು ಮಣ್ಣಾಗಿದ್ದವು. ಮಕ್ಕಳ ಪುಸ್ತಕ, ಅಡುಗೆಯ ಪಾತ್ರೆ, ಹಾಸಿಗೆಗಳು ಬೀದಿಗೆ ಬಿದ್ದಿದ್ದವು.

ನಾವು ಈ ಘಟನೆಯನ್ನು ಇಲ್ಲಿ ನೆನಪಿಸುವುದಕ್ಕೆ ಒಂದು ಕಾರಣವಿದೆ. ಅಲ್ಲಿ ಮೊದಲು ಬಂದದ್ದು ಜೆಸಿಬಿಯಲ್ಲ, ಒಂದು ಚಿತ್ರ. ನೋಟೀಸು, ತನಿಖೆ, ಸಾಕ್ಷ್ಯ ಎಲ್ಲಕ್ಕೂ ಮುನ್ನ ಚಿತ್ರವೇ ತೀರ್ಪು ನೀಡಿಬಿಟ್ಟಿತ್ತು. ಬಡತನ, ಗಡ್ಡ, ಲುಂಗಿ, ಬಂಗಾಳಿ ಮಾತು ಇವಿಷ್ಟು ಒಟ್ಟಿಗೆ ಕಂಡರೆ ನೋಡುವವನ ಮನಸ್ಸಿನಲ್ಲಿ ಉಳಿದ ಕಥೆ ತಾನಾಗಿ ಸಿದ್ಧವಾಗುತ್ತದೆ. ಈ ಸಿದ್ಧ ಕಥೆ ಎಲ್ಲಿಂದ ಬಂತು? ಇದನ್ನು ಯಾರು ಬರೆದರು? ಇದಕ್ಕೆ ಉತ್ತರ ಕೊಡುವ ಕೆಲಸವನ್ನು ನಮ್ಮದೇ ರಾಜಧಾನಿಯ ಕಲಾವಿದರು ಕೆಲವು ದಶಕಗಳಿಂದ ಮಾಡುತ್ತಾ ಬಂದಿದ್ದಾರೆ. ಆದರೆ ನಮ್ಮ ಮನೆಗಳಿಗೆ ಅದರ ಸುದ್ದಿ ತಲುಪಿಲ್ಲ. ಕಲೆ ಎಂದರೆ ಸಿರಿವಂತರ ಗೋಡೆಯ ಅಲಂಕಾರ ಎಂದು ನಾವು ಭಾವಿಸಿರುವುದೇ ಇದಕ್ಕೆ ಕಾರಣವಿರಬಹುದು.

1978ರಲ್ಲಿ ಫೆಲೆಸ್ತೀನ್ ಮೂಲದ ವಿದ್ವಾಂಸ ಎಡ್ವರ್ಡ್ ಸೈದ್ 'ಓರಿಯಂಟಲಿಸಂ' ಎಂಬ ಕೃತಿಯನ್ನು ಪ್ರಕಟಿಸಿದರು. ಪೂರ್ವದ ಜನರನ್ನು ಪಶ್ಚಿಮವು ಸೈನ್ಯದಿಂದ ಮಾತ್ರ ಆಳಲಿಲ್ಲ, ವರ್ಣನೆಯಿಂದಲೂ ಆಳಿತು ಎಂಬುದು ಅವರ ವಾದದ ತಿರುಳು. ಪೂರ್ವದವನು ಸೋಮಾರಿ, ಭಾವಾವೇಶದವನು, ಕ್ರೂರಿ. ಅವನ ಹೆಣ್ಣು ಮೂಕಿ, ಬಂಧಿತೆ. ಹೀಗೆ ಬರೆದದ್ದನ್ನೇ ಮತ್ತೆ ಮತ್ತೆ ಬರೆದು, ಬಿಡಿಸಿದ್ದನ್ನೇ ಮತ್ತೆ ಮತ್ತೆ ಬಿಡಿಸಿ, ಕೊನೆಗೆ ಆ ವರ್ಣನೆಯನ್ನೇ ವಾಸ್ತವವೆಂದು ನಂಬಿಸಲಾಯಿತು. ಆಳುವುದು ಕರ್ತವ್ಯ ಎನಿಸಬೇಕಾದರೆ ಆಳಲ್ಪಡುವವನು ಅಸಹಾಯಕನಾಗಿಯೋ ಅಪಾಯಕಾರಿಯಾಗಿಯೋ ಕಾಣಬೇಕಲ್ಲವೇ?

ಕರ್ನಾಟಕಕ್ಕೆ ಇದು ದೂರದ ಸಂಗತಿಯೇನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮರುವರ್ಷವೇ ಲಂಡನ್ನಿನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವ ಚಿತ್ರಕಾರ ಆ ಕದನದ ಬೃಹತ್ ಚಿತ್ರವನ್ನು ರಚಿಸಿ ಪ್ರದರ್ಶನಕ್ಕಿಟ್ಟ. ಜನರು ಟಿಕೆಟು ಕೊಂಡು ನೋಡಿದರು. ಒಬ್ಬ ಅರಸನ ಸೋಲು ಒಂದು ನಗರದ ಮನರಂಜನೆಯಾಯಿತು. 1839ರಲ್ಲಿ ಡೇವಿಡ್ ವಿಲ್ಕಿ ಟಿಪ್ಪು ಸುಲ್ತಾನರ ಮೃತದೇಹವನ್ನು ಬ್ರಿಟಿಷ್ ಸೇನಾನಿ ಪತ್ತೆ ಹಚ್ಚುವ ದೃಶ್ಯವನ್ನು ಚಿತ್ರಿಸಿದ. ಬೆಳಕೆಲ್ಲ ನಿಂತಿರುವ ವಿಜೇತನ ಮೇಲೆ, ಕತ್ತಲೆಲ್ಲ ಬಿದ್ದಿರುವವರ ಮೇಲೆ. ಇತಿಹಾಸದ ಪುಸ್ತಕ ಓದದವರಿಗೂ ಈ ಬೆಳಕು ಮತ್ತು ಕತ್ತಲೆಯ ಹಂಚಿಕೆ ಅರ್ಥವಾಗುತ್ತದೆ.

ಛಾಯಾಚಿತ್ರ ಬಂದ ಮೇಲೆ ಈ ಕೆಲಸ ಇನ್ನಷ್ಟು ಶಾಸ್ತ್ರೀಯವಾಯಿತು. 1868ರಿಂದ 1875ರ ನಡುವೆ ಬ್ರಿಟಿಷ್ ಸರಕಾರ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳನ್ನು ಹೊರತಂದಿತು. ಅದರಲ್ಲಿ 450ಕ್ಕೂ ಹೆಚ್ಚು ಛಾಯಾಚಿತ್ರಗಳು. ಅಲ್ಲಿದ್ದ ಮನುಷ್ಯರು ವ್ಯಕ್ತಿಗಳಾಗಿರಲಿಲ್ಲ, ಮಾದರಿಗಳಾಗಿದ್ದರು. ಇಂತಹ ಜಾತಿ ನಂಬಿಕಸ್ಥ, ಇಂತಹ ಪಂಗಡ ಕಳ್ಳತನದ್ದು, ಇಂತಹ ಜನ ಮತಾಂಧರು ಎಂಬ ಧಾಟಿಯ ಟಿಪ್ಪಣಿಗಳು ಚಿತ್ರದ ಜೊತೆಗಿದ್ದವು. 1869ರಲ್ಲಿ ಲ್ಯಾಂಪ್ರೇ ಎಂಬಾತ ಎರಡಿಂಚಿನ ಚೌಕಗಳಾಗಿ ದಾರ ಕಟ್ಟಿದ ಚೌಕಟ್ಟಿನ ಮುಂದೆ ಮನುಷ್ಯರನ್ನು ನಿಲ್ಲಿಸಿ ಫೋಟೋ ತೆಗೆಯುವ ಕ್ರಮವನ್ನು ಸೂಚಿಸಿದ. ಮನುಷ್ಯನ ದೇಹವನ್ನು ಬಟ್ಟೆಯ ಥಾನಿನಂತೆ ಅಳೆಯಲು ಅನುಕೂಲವಾಗಲೆಂದು! ಮದ್ರಾಸಿನ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜನರ ಮೂಗು, ತಲೆಬುರುಡೆಗಳನ್ನು ಅಳೆದು, 1909ರಲ್ಲಿ ಜಾತಿ ಮತ್ತು ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಪ್ರಕಟಿಸಿದ. ಇದೇ ಕಾಲದ ಇದೇ ಚಿಂತನೆಯಿಂದ 1871ರ ಅಪರಾಧಿ ಬುಡಕಟ್ಟು ಕಾಯ್ದೆ ಹುಟ್ಟಿತು. ಒಂದು ಸಮುದಾಯದಲ್ಲಿ ಹುಟ್ಟಿದ್ದೇ ಅಪರಾಧವೆನಿಸಿತು. ಅಂದರೆ, ಚಿತ್ರದ ಕೆಳಗಿನ ಟಿಪ್ಪಣಿ ಕಾನೂನಿನ ಕಲಮಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಕರಿಯಮ್ಮನ ಅಗ್ರಹಾರದಲ್ಲಿ ವಿಡಿಯೋದ ಮಾತು ಜೆಸಿಬಿಯಾಗಲು ಕೆಲವೇ ದಿನಗಳು ಸಾಕಾದವು.

ಈ ಚೌಕಳಿ ಪರದೆಯನ್ನೇ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ತಮ್ಮ ಹಿಂದೆ ಕಟ್ಟಿಕೊಂಡರು. 2000ದಿಂದ 2004ರ ನಡುವೆ ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರ ಜೊತೆಗೂಡಿ ದಕ್ಷಿಣ ಭಾರತದ 'ದೇಶೀ' ಹೆಣ್ಣುಗಳ ಕುರಿತ ಒಂದು ದೊಡ್ಡ ಚಿತ್ರಸರಣಿ ರಚಿಸಿದರು. ಬೆಂಗಳೂರಿನಲ್ಲೇ ನೆಲೆಯಿರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆ ಅದಕ್ಕೆ ನೆರವಾಗಿತ್ತು. ಅದರಲ್ಲಿ ಪುಷ್ಪಮಾಲಾ ತಾವೇ ವೇಷ ಧರಿಸಿ ನಿಲ್ಲುತ್ತಾರೆ. ಒಂದು ಕಡೆ ರವಿವರ್ಮನ ಲಕ್ಷ್ಮಿ. ಇನ್ನೊಂದು ಕಡೆ ಪೊಲೀಸರು ಹಿಡಿದು ಪತ್ರಿಕೆಯವರ ಮುಂದೆ ನಿಲ್ಲಿಸಿದ ಸರಗಳ್ಳಿ. ಮತ್ತೊಂದು ಕಡೆ ಬ್ರಿಟಿಷ್ ಅಧಿಕಾರಿಯ ಅಳತೆಗೋಲಿನ ಮುಂದೆ, ಚೌಕಳಿ ಪರದೆಗೆ ಬೆನ್ನು ಕೊಟ್ಟ ತೋಡ ಮಹಿಳೆ. ಮೊದಲ ನೋಟಕ್ಕೆ ಇವು ಹಳೆಯ ಚಿತ್ರಗಳಂತೆಯೇ ಕಾಣುತ್ತವೆ. ಆದರೆ ಒಬ್ಬಳೇ ಹೆಂಗಸು ದೇವತೆಯೂ ಆಗಿ, ಕಳ್ಳಿಯೂ ಆಗಿ, ಬುಡಕಟ್ಟಿನವಳೂ ಆಗಿ ನಿಂತಾಗ ನೋಡುಗನಿಗೆ ಒಂದು ಸತ್ಯ ಹೊಳೆಯುತ್ತದೆ: ದೇವತೆ, ಕಳ್ಳಿ ಎಂಬುದು ಮುಖದಲ್ಲಿಲ್ಲ, ಉಡುಪಿನಲ್ಲಿದೆ, ಬೆಳಕಿನಲ್ಲಿದೆ, ಹಿಂದಿನ ಪರದೆಯಲ್ಲಿದೆ. ಅಂದರೆ ಚಿತ್ರ ತೆಗೆಯುವವನ ಇಚ್ಛೆಯಲ್ಲಿದೆ.

ಪುಷ್ಪಮಾಲಾ ವಿಡಿಯೋವನ್ನೂ ಇದೇ ಉದ್ದೇಶಕ್ಕೆ ಬಳಸಿದ್ದಾರೆ. ವಿಡಿಯೋ ಕಲೆ ಎಂದರೆ ಸಿನೆಮಾ ಅಲ್ಲ, ಸುದ್ದಿಯೂ ಅಲ್ಲ. ಅದಕ್ಕೆ ಹಾಡು, ನಾಯಕ, ಮಧ್ಯಂತರಗಳಿಲ್ಲ. ಕಲಾಶಾಲೆಯ ಒಂದು ಪರದೆಯ ಮೇಲೆ ಕೆಲವು ನಿಮಿಷಗಳ ದೃಶ್ಯ ಓಡುತ್ತದೆ, ಮುಗಿದೊಡನೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ನಾವು ಸಾವಿರ ಸಲ ನೋಡಿದ ಚಿತ್ರವನ್ನು ಮತ್ತೆ ಮತ್ತೆ ತೋರಿಸಿ, ಅದರ ಹುಳುಕನ್ನು ನಾವೇ ಕಾಣುವಂತೆ ಮಾಡುವುದು ಅದರ ಒಂದು ಕ್ರಮ. 1997ರ 'ಇಂಡಿಯನ್ ಲೇಡಿ'ಯಲ್ಲಿ ನಾಟಕದ ಪರದೆಯಂತಹ ನಗರದ ಚಿತ್ರದ ಮುಂದೆ ಒಬ್ಬ ಮಹಿಳೆ ನಗುತ್ತಾ ಕುಣಿಯುತ್ತಾಳೆ. ಅಷ್ಟೇ. 'ಭಾರತೀಯ ಮಹಿಳೆ' ಎಂದೊಡನೆ ಹೊರಗಿನವರು ಬಯಸುವ ನಗು ಅದು. ಅದು ಮರುಕಳಿಸುತ್ತಾ ಹೋದಂತೆ ಆ ನಗುವಿನ ಹಿಂದಿನ ಪೊಳ್ಳುತನ ಬಯಲಾಗುತ್ತದೆ. 2004ರ 'ರಾಷ್ಟ್ರೀಯ ಖೀರ್ ಮತ್ತು ದೇಸೀಯ ಸಲಾಡ್' ಎಂಬ ವಿಡಿಯೋದಲ್ಲಿ ತಮ್ಮ ತಾಯಿ ಮತ್ತು ಅತ್ತೆಯವರ ಅಡುಗೆ ಟಿಪ್ಪಣಿ ಪುಸ್ತಕಗಳನ್ನು ಆಧರಿಸಿ, ಸ್ವಾತಂತ್ರ್ಯಾನಂತರದ 'ಆದರ್ಶ ಭಾರತೀಯ ಕುಟುಂಬ'ದ ಕಲ್ಪನೆಯನ್ನು ಅವರು ನಯವಾಗಿ ಕೆಣಕುತ್ತಾರೆ. ಪಡಿಯಚ್ಚನ್ನು ಬಿಳಿಯರು ಮಾತ್ರ ತಯಾರಿಸುವುದಲ್ಲ, ರಾಷ್ಟ್ರದ ಹೆಸರಿನಲ್ಲಿ ನಾವೂ ತಯಾರಿಸುತ್ತೇವೆ ಎಂಬ ಎಚ್ಚರ ಅಲ್ಲಿದೆ.

ಹೊರಜಗತ್ತಿನಲ್ಲಿ ಈ ಮಾಧ್ಯಮವನ್ನು ತೀಕ್ಷ್ಣವಾಗಿ ಬಳಸಿದವರಲ್ಲಿ ಫೆಲೆಸ್ತೀನಿ ಮತ್ತು ಅರಬ್ ಮೂಲದವರು ಪ್ರಮುಖರು. 1990ರಲ್ಲಿ ಜೇಸ್ ಸಲ್ಲೂಮ್ ಮತ್ತು ಎಲಿಯಾ ಸುಲೈಮಾನ್ ಎಂಬಿಬ್ಬರು ಹಾಲಿವುಡ್ ಚಿತ್ರಗಳು ಮತ್ತು ಟಿ.ವಿ. ಸುದ್ದಿಗಳಿಂದ ಅರಬರ ದೃಶ್ಯಗಳನ್ನು ಕತ್ತರಿಸಿ, ಒಂದರ ಪಕ್ಕ ಒಂದನ್ನು ಜೋಡಿಸಿ, ಆಕ್ರಮಿತ ಪ್ರದೇಶದಲ್ಲಿ ತಾವು ಚಿತ್ರಿಸಿದ ದೃಶ್ಯಗಳನ್ನು ನಡುನಡುವೆ ಇಟ್ಟರು. ತುಣುಕುಗಳನ್ನು ಸಾಲಾಗಿ ಇಟ್ಟದ್ದೇ ಸಾಕಾಯಿತು. ಸುಳ್ಳು ತನ್ನ ಬಾಯಿಂದಲೇ ಸಿಕ್ಕಿಬಿತ್ತು. ಸಂಶೋಧಕ ಜಾಕ್ ಶಾಹೀನ್ 900ಕ್ಕೂ ಹೆಚ್ಚು ಹಾಲಿವುಡ್ ಚಿತ್ರಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದ ಗ್ರಂಥವು ಇದನ್ನೇ ಪಟ್ಟಿ ಸಮೇತ ಸಾಬೀತುಪಡಿಸಿತು. ಅರಬನೆಂದರೆ ಶೇಖ್, ಭಯೋತ್ಪಾದಕ ಅಥವಾ ಕೋಡಂಗಿ. 1988ರಲ್ಲಿ ಮೋನಾ ಹತೂಮ್ ರಚಿಸಿದ ವಿಡಿಯೋದಲ್ಲಿ ಬೈರೂತ್‌ನಿಂದ ತಾಯಿ ಬರೆದ ಪತ್ರಗಳ ಅರಬಿ ಅಕ್ಷರಗಳು ಪರದೆಯ ತುಂಬ ತಂತಿಬೇಲಿಯಂತೆ ಹರಡಿಕೊಂಡಿರುತ್ತವೆ. ಲಂಡನ್ನಿನಲ್ಲಿ ಯುದ್ಧದ ಕಾರಣ ಸಿಲುಕಿಕೊಂಡ ಮಗಳು ಅವನ್ನು ಇಂಗ್ಲಿಷಿನಲ್ಲಿ ಓದುತ್ತಾಳೆ. ಆ ವಿಡಿಯೋದಲ್ಲಿ ತಾಯಿಯ ಚಿತ್ರಗಳನ್ನು ಬಳಸಿದ ರೀತಿಯನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಒಪ್ಪಲಾರರು. ಆದರೆ ಅರಬ್ ಹೆಣ್ಣೆಂದರೆ ಮಾತಿಲ್ಲದವಳು ಎಂದು ನಂಬಿದ ಜಗತ್ತಿಗೆ ಅಲ್ಲಿ ಒಬ್ಬ ತಾಯಿ ಗಡಿಪಾರಿನ ನೋವನ್ನೂ ಮಗಳ ಅಗಲಿಕೆಯನ್ನೂ ತನ್ನದೇ ಮಾತಿನಲ್ಲಿ ಹೇಳಿದಳು.

ಈಗ ನಮ್ಮ ಐಟಿ ಪಟ್ಟಿಯತ್ತ ಮರಳೋಣ. ವೈಟ್‌ಫೀಲ್ಡ್ ಎಂಬ ಹೆಸರಿನ ಹಿಂದೆಯೇ ಒಂದು ಕಥೆಯಿದೆ. 1882ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಯುರೇಶಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿ ನೀಡಿದರು. ಸಂಘದ ಮುಖಂಡ ಡಿ.ಎಸ್. ವೈಟ್ ಅವರ ಹೆಸರು ಆ ನೆಲೆಗೆ ಬಂತು. ಬಿಳಿಯರು ತಮ್ಮವರೆನ್ನದ, ಇಲ್ಲಿಯವರೂ ತಮ್ಮವರೆನ್ನದ ಒಂದು ಸಮುದಾಯ ಗೌರವದಿಂದ ಬದುಕಲು ಅರಸಿದ ಊರು ಅದು. ಅಂತಹ ಊರಿನ ಸುತ್ತ ಇಂದು ಗಾಜಿನ ಗೋಪುರಗಳು ಎದ್ದಿವೆ. ಇಲೆಕ್ಟ್ರಾನಿಕ್ ಸಿಟಿಯ ಜಾಹೀರಾತುಗಳಲ್ಲಿ ಲ್ಯಾಪ್‌ಟಾಪ್ ಹಿಡಿದ ನಗುಮುಖಗಳಿವೆ. 2004ರ ಅಮೇರಿಕನ್ ಚುನಾವಣೆಯ ಹೊತ್ತಿಗೆ ಹೊರಗುತ್ತಿಗೆಯ ವಿವಾದ ಎಷ್ಟು ಕಾವೇರಿತೆಂದರೆ, ಕೆಲಸ ಕಳೆದುಕೊಂಡವನನ್ನು ಅಲ್ಲಿ 'ಬೆಂಗಳೂರ್ಡ್' ಎಂದು ಕರೆಯತೊಡಗಿದರು. ನಮ್ಮ ರಾಜಧಾನಿ ಒಂದು ಬೈಗುಳವಾಯಿತು. ಅದೇ ವರ್ಷಗಳಲ್ಲಿ ಕಾಲ್ ಸೆಂಟರ್‌ಗಳಲ್ಲಿ ನಮ್ಮ ಹುಡುಗ ಹುಡುಗಿಯರು ರಾತ್ರಿಯಿಡೀ ತಮ್ಮ ಹೆಸರನ್ನು ಅಡಗಿಸಿ, ಉಚ್ಚಾರಣೆಯನ್ನು ತಿದ್ದಿಕೊಂಡು, ಪರದೇಶದ ಗಿರಾಕಿಯ ಬೈಗುಳ ಕೇಳಿಸಿಕೊಂಡರು. ಪೂರ್ವದವನು ತನ್ನ ಹೆಸರಿನಿಂದ ಮಾತನಾಡಿದರೆ ಕೇಳುವವರಿಲ್ಲ ಎಂಬುದು ಹಳೆಯ ಓರಿಯಂಟಲಿಸಂನ ಹೊಸ ರೂಪವಲ್ಲದೆ ಮತ್ತೇನು?

ಇನ್ನು ಪೀಣ್ಯದ ಚಿತ್ರ ಎಲ್ಲಿದೆ? ಸಾವಿರಾರು ಸಣ್ಣ ಕೈಗಾರಿಕೆಗಳ ಆ ಪ್ರದೇಶದಲ್ಲಿ ಲೇತ್ ಯಂತ್ರದ ಮುಂದೆ, ವೆಲ್ಡಿಂಗ್ ಕಿಡಿಗಳ ನಡುವೆ, ಗಾರ್ಮೆಂಟ್ಸ್ ಹೊಲಿಗೆ ಯಂತ್ರದ ಸಾಲುಗಳಲ್ಲಿ ಎಲ್ಲ ಮತಗಳ ದುಡಿಯುವವರಿದ್ದಾರೆ. ಮುಸ್ಲಿಮ್ ಫಿಟ್ಟರ್, ಮುಸ್ಲಿಮ್ ಟರ್ನರ್, ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಸ್ಕಾರ್ಫ್ ಧರಿಸಿದ ಹೆಣ್ಣುಮಗಳು ಟಿ.ವಿ. ಪರದೆಯ ಮೇಲೆ ಎಂದಾದರೂ ಕಂಡಿದ್ದಾರೆಯೇ? ಮುಸ್ಲಿಮನು ಅಲ್ಲಿ ಕಾಣುವುದು ಮೂರು ಸಂದರ್ಭಗಳಲ್ಲಿ: ಹಬ್ಬದ ದಿನ ಸಾಲುಗಟ್ಟಿದ ಟೋಪಿಯಾಗಿ, ಗಲಭೆಯ ದಿನ ಕಲ್ಲಾಗಿ, ಬಂಧನದ ದಿನ ಮುಸುಕು ಹಾಕಿದ ಮುಖವಾಗಿ. 2007ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವೈದ್ಯ ಶಿಕ್ಷಣ ಪಡೆದ ಡಾ. ಮುಹಮ್ಮದ್ ಹನೀಫ್ ಅವರನ್ನು ಆಸ್ಟ್ರೇಲಿಯದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಜುಲೈ 2ರಂದು ಬಂಧನ, 27ರಂದು ಆರೋಪ ವಾಪಸು. ಬಳಿಕ ನಡೆದ ವಿಚಾರಣೆಯಲ್ಲಿ ಅವರು ನಿರ್ದೋಷಿಯೆಂಬುದು ಸ್ಪಷ್ಟವಾಯಿತು. ಆದರೆ ಆ 25 ದಿನಗಳಲ್ಲಿ ಒಂದು ಮುಖಚಿತ್ರ ಎಷ್ಟು ಸಾವಿರ ಸಲ ಪರದೆಯ ಮೇಲೆ ಬಂತು? ನಿರ್ದೋಷಿಯೆಂಬ ಸುದ್ದಿ ಎಷ್ಟು ಸಲ ಬಂತು? ಬಂಧನದ ಚಿತ್ರಕ್ಕೆ ಇರುವ ಆಯುಷ್ಯ ಬಿಡುಗಡೆಯ ಚಿತ್ರಕ್ಕಿಲ್ಲ.

ಇಷ್ಟೆಲ್ಲ ಹೇಳಿ ಅನ್ಯರನ್ನು ದೂರಿ ಮುಗಿಸಿದರೆ ಅದು ಅರ್ಧ ಸತ್ಯವಾದೀತು. ನಮ್ಮ ಕೆಲವು ದೌರ್ಬಲ್ಯಗಳನ್ನೂ ಇಲ್ಲಿ ಹೇಳಲೇಬೇಕು.

ಮೊದಲನೆಯದಾಗಿ, ಪಡಿಯಚ್ಚಿನ ವಿರುದ್ಧ ಎಂದು ಬಂದ ಎಲ್ಲ ಕಲೆಯೂ ಪಡಿಯಚ್ಚನ್ನು ಒಡೆಯುವುದಿಲ್ಲ. ಪರ್ದಾ, ಬಂದೂಕು, ಅರಬಿ ಲಿಪಿಗಳನ್ನು ಸುಂದರವಾಗಿ ಜೋಡಿಸಿದರೆ ಪಾಶ್ಚಾತ್ಯ ಕಲಾಶಾಲೆಗಳಲ್ಲಿ ಬೇಡಿಕೆಯಿದೆ. ಇರಾನ್ ಮೂಲದ ಶಿರೀನ್ ನಿಶಾತ್‌ರಂತಹ ಹೆಸರಾಂತ ಕಲಾವಿದೆಯ ಕೃತಿಗಳ ಬಗ್ಗೆಯೂ ಈ ಚರ್ಚೆ ನಡೆದಿದೆ. ಪುಷ್ಪಮಾಲಾ ಅವರ ತೋಡ ಚಿತ್ರವನ್ನು ನೋಡುವಾಗಲೂ ನಾವು ಕೇಳಬೇಕು: ನಗರದ ವಿದ್ಯಾವಂತ ಕಲಾವಿದೆ ತೋಡ ಮಹಿಳೆಯಾಗಿ ನಿಲ್ಲಬಲ್ಲಳು, ಆದರೆ ನೀಲಗಿರಿಯ ತೋಡ ಮಹಿಳೆ ತನ್ನ ಚಿತ್ರವನ್ನು ತಾನೇ ತೆಗೆದು ಅದೇ ಗೋಡೆಗೆ ತೂಗುಹಾಕುವುದು ಯಾವಾಗ? ಪ್ರಶ್ನೆ ಕಲಾವಿದೆಯನ್ನು ಹಳಿಯುವುದಕ್ಕಲ್ಲ. ಆ ಕೃತಿ ಆರಂಭಿಸಿದ ವಿಚಾರಣೆಯನ್ನು ಮುಂದುವರಿಸುವುದಕ್ಕೆ.

ಎರಡನೆಯದಾಗಿ, ನಮ್ಮ ಮನೆಗಳ ಗೋಡೆಗಳನ್ನೇ ನೋಡಿ. ಕ್ಯಾಲೆಂಡರಿನಲ್ಲಿ ಮರಳುಗಾಡು, ಒಂಟೆ, ಖರ್ಜೂರದ ಮರ. ಕನ್ನಡದ ಮುಸ್ಲಿಮನ ಗೋಡೆಯಲ್ಲಿ ಅವನ ಊರಿನ ತೆಂಗು, ರಾಗಿ ಹೊಲ, ಕೆರೆ ಏರಿ, ಬಿಜಾಪುರದ ಗುಮ್ಮಟ ಏಕಿಲ್ಲ? ನಾವು ಎಲ್ಲಿಂದಲೋ ಬಂದವರು ಎಂಬ ಆರೋಪವನ್ನು ಹೊರಗೆ ವಿರೋಧಿಸುತ್ತಾ ಮನೆಯೊಳಗೆ ಅದನ್ನೇ ಮೊಳೆ ಹೊಡೆದು ತೂಗುಹಾಕಿದ್ದೇವೆ. ಪುಷ್ಪಮಾಲಾ ತಮ್ಮ ಸರಣಿಯಲ್ಲಿ ದಖ್ಖನಿ ಚಿತ್ರಕಲೆಯ ಯೋಗಿನಿಯಾಗಿಯೂ ನಿಂತಿದ್ದಾರೆ. ಆ ಚಿತ್ರಕಲೆಯನ್ನು ಪೋಷಿಸಿದವರು ಬಿಜಾಪುರದ ಎರಡನೇ ಇಬ್ರಾಹೀಮ್ ಆದಿಲ್ ಶಾಹರಂತಹ ದೊರೆಗಳು. ನಮ್ಮ ನೆಲದ ಈ ಪರಂಪರೆಯನ್ನು ನಮಗೆ ನೆನಪಿಸಲು ಬೇರೊಬ್ಬರು ಬರಬೇಕಾಯಿತು ಎಂಬುದು ವಿಪರ್ಯಾಸವಲ್ಲವೇ?

ಮೂರನೆಯದಾಗಿ, ನಾವು ಕೂಡಾ ಅನ್ಯರನ್ನು ಪಡಿಯಚ್ಚಿನಲ್ಲೇ ನೋಡುತ್ತೇವೆ. ಕರಿಯಮ್ಮನ ಅಗ್ರಹಾರದ ವಿಡಿಯೋ ಬಂದಾಗ ಎಷ್ಟು ಮಂದಿ ಸ್ಥಿತಿವಂತ ಮುಸ್ಲಿಮರು 'ನಮಗೂ ಅವರಿಗೂ ಸಂಬಂಧವಿಲ್ಲ' ಎಂದು ಸುಮ್ಮನಾಗಿರಲಿಕ್ಕಿಲ್ಲ? ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಕುಳಿತ ನಮ್ಮ ಇಂಜಿನಿಯರ್ ಸಹೋದರನಿಗೆ, ಅದೇ ಅಪಾರ್ಟ್‌ಮೆಂಟಿನ ಕಸ ಎತ್ತುವ ಬಂಗಾಳಿ ಮಾತಿನ ಸಹೋದರನ ಹೆಸರು ಗೊತ್ತಿದೆಯೇ? ಬಂದ ಸುದ್ದಿಯನ್ನು ಪರಿಶೀಲಿಸದೆ ಹರಡಬಾರದೆಂದು ಮಿಂಬರಿನಿಂದ ಕೇಳುತ್ತೇವೆ. ಮಸೀದಿಯ ಮೆಟ್ಟಿಲಿಳಿಯುವಾಗಲೇ ಮೊಬೈಲ್ ತೆಗೆದು ಬಂದದ್ದನ್ನೆಲ್ಲ ಮುಂದಕ್ಕೆ ಕಳಿಸುತ್ತೇವೆ. ಸುಳ್ಳು ವಿಡಿಯೋ ನಮ್ಮ ವಿರುದ್ಧವಿದ್ದಾಗ ಮಾತ್ರ ಸುಳ್ಳಾಗುವುದೇ?

ಹಾಗಾದರೆ ಮಾಡಬೇಕಾದುದೇನು? ಪ್ರತಿಭಟನೆ ಬೇಕು, ದೂರು ಬೇಕು, ನ್ಯಾಯಾಲಯವೂ ಬೇಕು. ಆದರೆ ಅವೆಲ್ಲ ಚಿತ್ರ ತನ್ನ ಕೆಲಸ ಮುಗಿಸಿದ ಮೇಲೆ ಬರುವ ಪರಿಹಾರಗಳು. ಚಿತ್ರಕ್ಕೆ ಚಿತ್ರದಿಂದಲೇ ಉತ್ತರ ಕೊಡುವವರನ್ನು ನಾವು ತಯಾರು ಮಾಡಿಲ್ಲ. ನಮ್ಮ ಮಕ್ಕಳು ವೈದ್ಯರಾಗಬೇಕು, ಇಂಜಿನಿಯರ್‌ಗಳಾಗಬೇಕು ಎನ್ನುತ್ತೇವೆ. ಚಿತ್ರಕಲೆ, ಛಾಯಾಗ್ರಹಣ, ಸಂಕಲನ ಕಲಿಯುತ್ತೇನೆಂದ ಮಗಳಿಗೆ 'ಅದರಿಂದ ಏನು ಬರುತ್ತದೆ?' ಎಂದು ಕೇಳುತ್ತೇವೆ. ಅದರಿಂದ ಏನು ಬರುತ್ತದೆಂಬುದನ್ನು ಕರಿಯಮ್ಮನ ಅಗ್ರಹಾರ ತೋರಿಸಿಕೊಟ್ಟಿದೆ. ಚಿತ್ರದ ವಿಷಯದಲ್ಲಿ ನಮ್ಮ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿರುವುದು ನಿಜ. ಆದರೆ ಮೊಬೈಲ್ ಕ್ಯಾಮರಾ ಈಗಾಗಲೇ ಪ್ರತಿಯೊಬ್ಬರ ಕಿಸೆಯಲ್ಲಿರುವಾಗ, ಅದರ ಉಪಯೋಗ ಮದುವೆಯ ಆಡಂಬರ ಚಿತ್ರಿಸುವುದಕ್ಕೆ ಮಾತ್ರವೋ ಅಥವಾ ಸತ್ಯಕ್ಕೆ ಸಾಕ್ಷಿಯಾಗುವುದಕ್ಕೂ ಇದೆಯೋ ಎಂಬುದೇ ನಮ್ಮ ಮುಂದಿರುವ ನಿಜವಾದ ಪ್ರಶ್ನೆ.

ಇದಕ್ಕೆ ದೊಡ್ಡ ಬಂಡವಾಳ ಬೇಕಾಗಿಲ್ಲ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾಶಾಲೆ ಇದೆ. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ಕಲೆ ಮತ್ತು ಛಾಯಾಗ್ರಹಣದ ಹೊಸ ವಸ್ತುಸಂಗ್ರಹಾಲಯವೊಂದು ತೆರೆದಿದೆ. ನಮ್ಮ ಶಾಲೆಗಳು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಲಾಲ್‌ಬಾಗ್ ಮತ್ತು ವಿಧಾನಸೌಧದ ಜೊತೆಗೆ ಅಲ್ಲಿಗೂ ಕರೆದೊಯ್ಯಲಿ. ನಮ್ಮ ಸಂಘಟನೆಗಳು ನೀಡುವ ವಿದ್ಯಾರ್ಥಿ ವೇತನಗಳಲ್ಲಿ ಕೆಲವಾದರೂ ದೃಶ್ಯಕಲೆ ಮತ್ತು ಮಾಧ್ಯಮ ಕಲಿಯುವವರಿಗೆ ಮೀಸಲಾಗಲಿ. ಪೀಣ್ಯದಲ್ಲಿ ದುಡಿಯುವ ತಂದೆಯ ಒಂದು ದಿನದ ಪಾಳಿಯನ್ನು ಮಗ ಹತ್ತು ನಿಮಿಷಗಳಲ್ಲಿ ಚಿತ್ರಿಸಲಿ. ಪಕ್ಕದ ಯಂತ್ರದಲ್ಲಿ ದುಡಿಯುವ ಹಿಂದೂ ಗೆಳೆಯನೂ ಆ ಚಿತ್ರದಲ್ಲಿರಲಿ, ಏಕೆಂದರೆ ವಾಸ್ತವದಲ್ಲಿ ಅವನು ಅಲ್ಲಿದ್ದಾನೆ. ಮನೆಗಳಲ್ಲಿ ಟಿ.ವಿ. ನೋಡುವಾಗ ತಂದೆ ತಾಯಂದಿರು ಮಕ್ಕಳಿಗೆ ಮೂರು ಪ್ರಶ್ನೆಗಳನ್ನು ಕಲಿಸಲಿ: ಈ ಚಿತ್ರವನ್ನು ತೆಗೆದವರು ಯಾರು? ಚೌಕಟ್ಟಿನ ಹೊರಗೆ ಬಿಟ್ಟದ್ದು ಏನು? ಚಿತ್ರದಲ್ಲಿರುವವನಿಗೆ ಮಾತನಾಡಲು ಬಿಟ್ಟರೇ?

ನೂರೈವತ್ತು ವರ್ಷಗಳ ಹಿಂದೆ ಚೌಕಳಿ ಪರದೆಯ ಮುಂದೆ ನಿಂತವರಿಗೆ ಈ ಪ್ರಶ್ನೆಗಳನ್ನು ಕೇಳುವ ಅವಕಾಶವಿರಲಿಲ್ಲ. ಅಳತೆಗೋಲು ಹಿಡಿದವನೇ ಟಿಪ್ಪಣಿಯನ್ನೂ ಬರೆದ, ಅವರು ಸುಮ್ಮನೆ ನಿಂತರು. ನಮಗೆ ಆ ನೆಪವಿಲ್ಲ. ಕ್ಯಾಮರಾ ನಮ್ಮ ಕೈಯಲ್ಲೂ ಇದೆ. ಅದನ್ನು ಹಿಡಿಯುವಾಗ ನಮಗೆ ಆದ ಅನ್ಯಾಯವನ್ನು ಬೇರೊಬ್ಬರಿಗೆ ಮಾಡದಂತೆ ಎಚ್ಚರವಹಿಸಿ, ಇದ್ದದ್ದನ್ನು ಇದ್ದಂತೆ ತೋರಿಸುವ ಧೈರ್ಯವನ್ನು ಬೆಳೆಸಿಕೊಳ್ಳೋಣ. ಮುಂದಿನ ಸಲ ಯಾವುದೋ ಗುಡಿಸಲಿನ ಮೇಲೆ ಸುಳ್ಳು ವಿಡಿಯೋ ಒಂದು ಬಂದೆರಗುವ ಮುನ್ನ, ಆ ಗುಡಿಸಲಿನಲ್ಲಿ ವಾಸಿಸುವವರ ಹೆಸರು, ಊರು, ದುಡಿಮೆಯನ್ನು ಹೇಳುವ ಒಂದು ಸತ್ಯದ ಚಿತ್ರ ಸಿದ್ಧವಿರಬೇಕು. ಅದನ್ನು ಸಿದ್ಧಪಡಿಸುವ ಹೊಣೆ ನಮ್ಮದು.